ಮನೆಭೇಟಿಗೆ ಹೊರಟ ಬಿಳಿಕೋಲು

ಅಂಧರೆಂದರೆ ನೆರವಿಗೆ ಕಾಯುವವರು ಎಂಬ ಗ್ರಹಿಕೆ ನೆರವು ನೀಡುವ ವೃತ್ತಿಯೊಳಗೇ ಗಟ್ಟಿಯಾಗಿ ಬೇರೂರಿದೆ. ಆದರೆ ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಗೃಹಬೋಧಕರಿಂದ ಕರ್ನಾಟಕದ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರವರೆಗೆ, ಪರರ ಕಷ್ಟಕ್ಕೆ ಹೆಗಲು ಕೊಡುವುದನ್ನೇ ಉದ್ಯೋಗ ಮಾಡಿಕೊಂಡ ಅಂಧರ ಪರಂಪರೆ ದೊಡ್ಡದು. ಇಂದು ಅವರ ದಾರಿಯಲ್ಲಿರುವ ಬಹುದೊಡ್ಡ ಅಡ್ಡಿ, ಓದಲಾಗದ ಕಡತ.

ಪಿಂಚಣಿ ನಿಂತುಹೋಗಿದೆಯೆಂದು ಬ್ಯಾಂಕಿನ ಪಾಸ್‌ಬುಕ್ ಹಿಡಿದು ಬಂದ ಅಜ್ಜಿ, ಮಗಳ ಯುಡಿಐಡಿ ಕಾರ್ಡಿನ, ಅಂದರೆ ವಿಕಲಚೇತನರ ಗುರುತಿನ ಚೀಟಿಯ, ಅರ್ಜಿ ಜಿಲ್ಲಾಸ್ಪತ್ರೆಯ ಯಾವ ಮೇಜಿನಲ್ಲಿ ಸಿಕ್ಕಿಕೊಂಡಿದೆಯೆಂದು ಕೇಳುವ ತಂದೆ, ತ್ರಿಚಕ್ರ ವಾಹನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದು ವಿಚಾರಿಸುವ ಯುವಕ. ಇವರೆಲ್ಲ ಸುತ್ತುವರಿದ ಪಂಚಾಯಿತಿ ಕಚೇರಿಯ ಮೂಲೆಯ ಮೇಜಿನ ಹಿಂದೆ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದನ್ನು ಬಂದವರ ಮಾತಿಗೆ ತೆರೆದಿಟ್ಟು, ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುತ್ತ ಅರ್ಜಿಯ ಸ್ಥಿತಿಯನ್ನು ಕೇಳಿಸಿಕೊಳ್ಳುವ ಅಂಧ ಕಾರ್ಯಕರ್ತರನ್ನು ಕರ್ನಾಟಕದ ಕೆಲವು ಹಳ್ಳಿಗಳ ಜನ ಇಂದು ಸಹಜವೆಂಬಂತೆ ನೋಡುತ್ತಿದ್ದಾರೆ.

ರಾಜ್ಯ ಸರ್ಕಾರದ ಗ್ರಾಮೀಣ ಪುನರ್ವಸತಿ ಯೋಜನೆಯಡಿ ಪಂಚಾಯಿತಿಗೊಬ್ಬರಂತೆ ನೇಮಕವಾಗುವ, ಜನರ ಬಾಯಲ್ಲಿ ‘ವಿಆರ್‌ಡಬ್ಲ್ಯು’ ಎಂದೇ ಕರೆಸಿಕೊಳ್ಳುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರೇ ಆಗಿರಬೇಕೆಂಬುದು ಯೋಜನೆಯ ತಿರುಳು. ತಾಲ್ಲೂಕು ಮಟ್ಟದಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಗೌರವಧನವನ್ನೇ ನಂಬಿರುವ, ಕಾಯಂ ನೌಕರಿಯ ಭದ್ರತೆಯಿಲ್ಲದ ಹುದ್ದೆಯಿದು; ಆ ಕೊರತೆಯನ್ನು ಮರೆಯದೆಯೇ, ನೆರವು ಪಡೆಯುವ ಸಾಲಿನಲ್ಲಿ ನಿಲ್ಲಬೇಕಾದವರೆಂದು ಸಮಾಜ ಭಾವಿಸಿದ್ದವರನ್ನು ಈ ಯೋಜನೆ ಮೇಜಿನ ಆಚೆ ಬದಿಗೆ ಕೂರಿಸಿತೆಂಬುದನ್ನು ಗುರುತಿಸಬೇಕು.

ಪ್ರತಿವರ್ಷ ಅಕ್ಟೋಬರ್ 15ರಂದು ಆಚರಿಸುವ ಬಿಳಿಕೋಲು ದಿನ, ಅಂದರೆ ಅಂಧರ ಸ್ವತಂತ್ರ ಸಂಚಾರದ ಗುರುತಾದ ಬಿಳಿ ಊರುಗೋಲಿನ ದಿನ, ಬಂದಾಗ ಮೆರವಣಿಗೆಗಳು ಹೊರಡುತ್ತವೆ, ವೇದಿಕೆಯ ಮೇಲೆ ಕೋಲುಗಳ ವಿತರಣೆಯಾಗುತ್ತದೆ. ಅಲ್ಲಿ ಅಂಧರ ಪಾತ್ರ ಬಹುಮಟ್ಟಿಗೆ ಸ್ವೀಕರಿಸುವವರದು. ಆ ಕೋಲನ್ನು ಹಿಡಿದು ಇನ್ನೊಬ್ಬರ ಮನೆಯ ಕದ ತಟ್ಟುವ, ಕುಡಿತ ಬಿಡಿಸುವ ಕೇಂದ್ರದಲ್ಲಿ ಗುಂಪುಚರ್ಚೆ ನಡೆಸುವ, ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಕುಟುಂಬವನ್ನು ಕೂರಿಸಿ ಮಾತನಾಡಿಸುವ ವೃತ್ತಿಪರರ ವಿಷಯ ಆ ವೇದಿಕೆಗಳಲ್ಲಿ ಬರುವುದು ಕಡಿಮೆ.

ದಾನಕ್ಕಿಂತ ಭಿನ್ನವಾದ ವೃತ್ತಿ

ಸಮಾಜಕಾರ್ಯವೆಂಬುದು ಪದವಿ, ಮೇಲ್ವಿಚಾರಣೆಯ ತರಬೇತಿ ಹಾಗೂ ಬರೆದಿಟ್ಟ ವೃತ್ತಿನೀತಿಗಳಿರುವ ಉದ್ಯೋಗ. ಭಾರತದಲ್ಲಿ ಇದರ ಶಿಕ್ಷಣ 1936ರಲ್ಲಿ ಬೊಂಬಾಯಿಯಲ್ಲಿ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂದು ಹೆಸರಾಗಿರುವ ಶಾಲೆಯೊಂದಿಗೆ ಆರಂಭವಾಯಿತು. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಶಾಲೆ ಶುರುವಾಗಿ, ಮುಂದೆ ವಿಶ್ವವಿದ್ಯಾಲಯಗಳ ವಿಭಾಗಗಳು ಬೆಳೆದು, ಎಂ.ಎಸ್.ಡಬ್ಲ್ಯು. ಎಂಬ ಸ್ನಾತಕೋತ್ತರ ಪದವಿ ಇಂದು ಜಿಲ್ಲಾ ಕೇಂದ್ರಗಳವರೆಗೂ ಬಂದಿದೆ.

ಒಬ್ಬ ವ್ಯಕ್ತಿ ಅಥವಾ ಕುಟುಂಬದೊಂದಿಗೆ ನಡೆಸುವ ವೈಯಕ್ತಿಕ ಸಮಾಜಕಾರ್ಯ, ಗುಂಪಿನೊಂದಿಗಿನ ವೃಂದ ಸಮಾಜಕಾರ್ಯ, ಊರು ಅಥವಾ ಬಡಾವಣೆಯನ್ನೇ ಸಂಘಟಿಸುವ ಸಮುದಾಯ ಸಂಘಟನೆ, ಇವು ಈ ವೃತ್ತಿಯ ಮುಖ್ಯ ವಿಧಾನಗಳು. ಇಲ್ಲಿ ನೆರವಿಗೆ ಬರುವವರನ್ನು ‘ಸೇವಾರ್ಥಿ’ ಎನ್ನಲಾಗುತ್ತದೆ. ಸಮಾಜಕಾರ್ಯದ ವಿದ್ವಾಂಸ ಫೆಲಿಕ್ಸ್ ಬೀಸ್ಟೆಕ್ 1957ರ ತನ್ನ ಕೃತಿಯಲ್ಲಿ ಸೇವಾರ್ಥಿಯೊಡನೆ ಇರಬೇಕಾದ ಸಂಬಂಧಕ್ಕೆ ಏಳು ತತ್ತ್ವಗಳನ್ನು ಹೇಳಿದ; ಸೇವಾರ್ಥಿಯನ್ನು ಇದ್ದಂತೆ ಒಪ್ಪಿಕೊಳ್ಳುವುದು, ತೀರ್ಪು ಕೊಡದಿರುವುದು, ಅವರ ಬದುಕಿನ ನಿರ್ಧಾರವನ್ನು ಅವರಿಗೇ ಬಿಡುವುದು, ಗುಟ್ಟು ಕಾಯುವುದು ಅವುಗಳಲ್ಲಿ ಸೇರಿವೆ. ಈ ಏಳರಲ್ಲಿ ಒಂದಕ್ಕೂ ಕಣ್ಣು ಕಡ್ಡಾಯವಲ್ಲ. ಹೀಗಿದ್ದೂ ಅಂಧ ಅಭ್ಯರ್ಥಿ ಪ್ರವೇಶ ಕೇಳಿದಾಗ ಎದುರಾಗುವ ಮೊದಲ ಪ್ರಶ್ನೆ ‘ಕ್ಷೇತ್ರಕಾರ್ಯ ಹೇಗೆ ಮಾಡುತ್ತೀರಿ?’ ಎಂಬುದೇ ಆಗಿರುತ್ತದೆ. ಆ ಪ್ರಶ್ನೆಗೆ ಉತ್ತರ ದೊರೆತು ಒಂದೂವರೆ ಶತಮಾನ ಕಳೆದಿದೆ.

ಮನೆಮನೆಗೆ ಹೋದ ಗೃಹಬೋಧಕರು

ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ 1818ರಲ್ಲಿ ಹುಟ್ಟಿದ ವಿಲಿಯಂ ಮೂನ್ ಇಪ್ಪತ್ತರ ಹರೆಯದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ. ಪ್ರಾಯ ಕಳೆದ ಮೇಲೆ ಕಣ್ಣು ಹೋದವರ ಒರಟು ಬೆರಳುಗಳಿಗೂ ತಿಳಿಯುವಂಥ ಉಬ್ಬು ಅಕ್ಷರಗಳ ಲಿಪಿಯೊಂದನ್ನು 1845ರಲ್ಲಿ ರೂಪಿಸಿದ. ಪುಸ್ತಕ ಅಚ್ಚಾದರೆ ಸಾಲದು, ಮನೆಯ ಮೂಲೆ ಹಿಡಿದು ಕುಳಿತ ಅಂಧರ ಬಳಿಗೆ ಅದನ್ನು ಒಯ್ದು ಕಲಿಸುವವರು ಬೇಕೆಂದು ಅವನಿಗೆ ಬೇಗನೆ ಮನವರಿಕೆಯಾಯಿತು. ಹಾಗೆ ಬೆಳೆದ ಗೃಹಬೋಧನಾ ಸಂಘಗಳು ಲಂಡನ್ನಿನಿಂದ ಆಚೆಗೂ ಹರಡಿದವು.

ಆ ಸಂಘಗಳು ನೇಮಿಸಿಕೊಂಡ ಗೃಹಬೋಧಕರಲ್ಲಿ ಅನೇಕರು ಅಂಧರೇ. ಅಕ್ಷರ ಕಲಿಸಲೆಂದು ಹೋದವರು ಒಲೆಯಲ್ಲಿ ಬೆಂಕಿಯಿಲ್ಲದ್ದನ್ನು, ಬಾಡಿಗೆ ಬಾಕಿಯಿದ್ದುದನ್ನು, ಕಣ್ಣು ಹೋದ ಗಂಡಸು ಮಾತು ಬಿಟ್ಟು ಕುಳಿತದ್ದನ್ನು ಕಂಡುಕೊಂಡು, ದಾನಿಗಳಿಗೆ ಪತ್ರ ಬರೆಸಿ, ಕೈಕಸುಬು ಹೇಳಿಕೊಟ್ಟು, ಕುಟುಂಬದವರ ಮನವೊಲಿಸಿ ಹಿಂದಿರುಗುತ್ತಿದ್ದರು. ಇಂದಿನ ಪಠ್ಯಗಳಲ್ಲಿ ಮನೆಭೇಟಿ, ಸಂಪನ್ಮೂಲ ಕ್ರೋಡೀಕರಣ, ಕುಟುಂಬ ಸಮಾಲೋಚನೆ ಎಂದು ಬೇರೆಬೇರೆ ಅಧ್ಯಾಯಗಳಾಗಿ ಬರುವ ಕೆಲಸಗಳನ್ನು ಅವರು ಒಂದೇ ಭೇಟಿಯಲ್ಲಿ ಮಾಡುತ್ತಿದ್ದರು. ಸಮಾಜಕಾರ್ಯವನ್ನು ಶಾಸ್ತ್ರವಾಗಿ ಕಟ್ಟಿದ ಮೇರಿ ರಿಚ್ಮಂಡ್‌ಳ ಪ್ರಸಿದ್ಧ ಗ್ರಂಥ ಬಂದದ್ದು 1917ರಲ್ಲಿ. ಗೃಹಬೋಧಕರು ಅದಕ್ಕಿಂತ ಅರ್ಧ ಶತಮಾನ ಮೊದಲೇ ಬೀದಿಗಿಳಿದಿದ್ದರು. ಬ್ರಿಟನ್ನಿನ 1920ರ ಅಂಧರ ಕಾಯ್ದೆ ಸ್ಥಳೀಯ ಆಡಳಿತಗಳಿಗೆ ಅಂಧರ ಕಲ್ಯಾಣದ ಹೊಣೆ ಹೊರಿಸಿದ ಮೇಲೆ ಗೃಹಬೋಧನೆ ಪರೀಕ್ಷೆ, ಪ್ರಮಾಣಪತ್ರಗಳುಳ್ಳ ಉದ್ಯೋಗವಾಗಿ ನೆಲೆನಿಂತು, 1970ರ ಸಮಾಜಸೇವಾ ಕಾನೂನಿನ ನಂತರ ಸಾಮಾನ್ಯ ಸಮಾಜಕಾರ್ಯದೊಳಗೆ ವಿಲೀನವಾಯಿತು.

ಇದೇ ಪರಂಪರೆಯ ಕವಲೊಂದು ಭಾರತಕ್ಕೂ ಬಂದಿತು. ಮೊದಲ ಮಹಾಯುದ್ಧದ ಗಲಿಪೊಲಿ ಕದನದಲ್ಲಿ, 1915ರಲ್ಲಿ, ಎರಡೂ ಕಣ್ಣು ಕಳೆದುಕೊಂಡ ನ್ಯೂಜಿಲೆಂಡಿನ ಯುವ ಸೈನಿಕ ಕ್ಲೂಥಾ ಮೆಕೆಂಜಿ, ಲಂಡನ್ನಿನಲ್ಲಿ ಯುದ್ಧಾಂಧರಿಗಾಗಿ ಆರ್ಥರ್ ಪಿಯರ್ಸನ್ ತೆರೆದಿದ್ದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯಲ್ಲಿ ತರಬೇತಿ ಪಡೆದು, ಮುಂದಿನ ಬದುಕನ್ನು ಅಂಧರ ಪುನರ್ವಸತಿಗೇ ಮುಡಿಪಿಟ್ಟರು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಡೆಹ್ರಾಡೂನಿನಲ್ಲಿ ಭಾರತೀಯ ಯುದ್ಧಾಂಧರಿಗಾಗಿ ಆರಂಭವಾದ ವಸತಿಕೇಂದ್ರದ ಹೊಣೆ ಹೊತ್ತವರು ಅವರೇ. ಭಾರತದಲ್ಲಿನ ಅಂಧತ್ವದ ಕುರಿತು 1944ರಲ್ಲಿ ಹೊರಬಂದ ಸರ್ಕಾರಿ ವರದಿಯ ಹಿಂದೆ ಅವರ ಶ್ರಮವಿತ್ತು. ಇಂದು ಡೆಹ್ರಾಡೂನಿನಲ್ಲಿರುವ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಬಲೀಕರಣ ಸಂಸ್ಥೆಯ ಬೇರು ಆ ವಸತಿಕೇಂದ್ರದಲ್ಲಿದೆ. ದೇಶದ ಭಾಷೆಗಳಿಗೆಲ್ಲ ಒಂದೇ ಚುಕ್ಕಿವಿನ್ಯಾಸ ತಂದ, 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್‌ನ ಹಿಂದಿನ ಅಂತರರಾಷ್ಟ್ರೀಯ ಮಾತುಕತೆಗಳಲ್ಲೂ ಅವರಿದ್ದರು.

> ಆರು ಚುಕ್ಕಿಗಳಲ್ಲಿ ಕನ್ನಡ
> ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ತೆಲುಗಿನ ‘ಕ’ ಮೂರಕ್ಕೂ ಒಂದೇ ಗುರುತು: ಆರು ಚುಕ್ಕಿಗಳ ಮನೆಯಲ್ಲಿ ಒಂದನೆಯದು ಮತ್ತು ಮೂರನೆಯದು ಉಬ್ಬಿರುತ್ತವೆ. ಬರಹದಲ್ಲಿ ವ್ಯಂಜನಕ್ಕೆ ಅಂಟಿಕೊಳ್ಳುವ ಗುಣಿತದ ಚಿಹ್ನೆಗಳು ಬ್ರೈಲ್‌ನಲ್ಲಿ ವ್ಯಂಜನದ ನಂತರ ಪ್ರತ್ಯೇಕವಾಗಿ ಬರುತ್ತವೆ. ಒಂದು ಭಾಷೆಯ ಬ್ರೈಲ್ ಕಲಿತ ಕಾರ್ಯಕರ್ತರಿಗೆ ಗಡಿಯಾಚೆಯ ಭಾಷೆಯ ಅಕ್ಷರಗಳೂ ಅಷ್ಟರಮಟ್ಟಿಗೆ ಪರಿಚಿತವೇ.

ಕಲ್ಯಾಣ ಮಂಡಳಿಯ ಅಧ್ಯಕ್ಷಪೀಠದಲ್ಲಿ

ಅಂಧರು ಸೇವೆ ನೀಡಬಲ್ಲರೇ ಎಂಬ ಪ್ರಶ್ನೆಯನ್ನು ದಾಟಿ, ಸೇವೆ ನೀಡುವ ಇಡೀ ವ್ಯವಸ್ಥೆಯನ್ನೇ ಪ್ರಶ್ನಿಸಿದವರು ಅಮೆರಿಕದ ಜಾಕೋಬಸ್ ಟೆನ್‌ಬ್ರೂಕ್. ಬಾಲ್ಯದಲ್ಲಿ ಬಾಣವೊಂದು ತಗುಲಿ ಒಂದು ಕಣ್ಣು ಕಳೆದುಕೊಂಡು, ಹದಿಹರೆಯದ ಹೊತ್ತಿಗೆ ಪೂರ್ತಿ ಅಂಧರಾದ ಅವರು ಸಂವಿಧಾನ ಶಾಸ್ತ್ರದ ವಿದ್ವಾಂಸರಾಗಿ ಬೆಳೆದರು, 1940ರಲ್ಲಿ ಅಂಧರದೇ ಆದ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು. ಕ್ಯಾಲಿಫೋರ್ನಿಯಾದ ರಾಜ್ಯ ಸಮಾಜ ಕಲ್ಯಾಣ ಮಂಡಳಿಗೆ 1950ರಲ್ಲಿ ನೇಮಕಗೊಂಡು, 1960ರ ದಶಕದ ಆರಂಭದಲ್ಲಿ ಅದರ ಅಧ್ಯಕ್ಷರೂ ಆದರು.

ಕಲ್ಯಾಣ ಇಲಾಖೆಯ ಕಾರ್ಯಕರ್ತರು ಧನಸಹಾಯ ಪಡೆಯುವ ಬಡವರ, ಅಂಧರ ಬದುಕನ್ನು ಅಳೆದು ಸುರಿದು, ಅವರು ಎಷ್ಟು ಖರ್ಚು ಮಾಡಬೇಕು, ಹೇಗೆ ಬಾಳಬೇಕು ಎಂದು ನಿರ್ದೇಶಿಸುವ ಪೋಷಕ ಧೋರಣೆಯನ್ನು ಅವರು ಕಟುವಾಗಿ ವಿಶ್ಲೇಷಿಸಿದರು. 1959ರಲ್ಲಿ ಸಹಲೇಖಕರೊಂದಿಗೆ ಬರೆದ ಗ್ರಂಥದ ವಸ್ತುವೇ ಅಂಧರು ಮತ್ತು ಸರ್ಕಾರಿ ನೆರವು. ಜಗತ್ತಿನಲ್ಲಿ ಎಲ್ಲರಂತೆ ಓಡಾಡಿ ಬಾಳುವುದು ವಿಕಲಚೇತನರ ಹಕ್ಕು ಎಂದು 1966ರಲ್ಲಿ ಅವರು ಮಂಡಿಸಿದ ಕಾನೂನು ಪ್ರಬಂಧವನ್ನು ಈ ಕ್ಷೇತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಅಂಧರು ಸಮಾಜಕಾರ್ಯಕ್ಕೆ ಬಂದರೆ ಸಿಬ್ಬಂದಿಯಲ್ಲಿ ವೈವಿಧ್ಯ ಹೆಚ್ಚುತ್ತದೆ ಎನ್ನುವುದಷ್ಟೇ ಲಾಭವಲ್ಲ. ನೆರವಿನ ಹೆಸರಿನಲ್ಲಿ ನಡೆಯುವ ಯಜಮಾನಿಕೆಯನ್ನು ಒಳಗಿನಿಂದ ಗುರುತಿಸಬಲ್ಲವರು ವೃತ್ತಿಗೆ ದೊರೆಯುತ್ತಾರೆ. ಈ ದೃಷ್ಟಿಯಿಂದ ಟೆನ್‌ಬ್ರೂಕ್ ಅವರ ಬರಹ ಕನ್ನಡದ ಸಮಾಜಕಾರ್ಯ ಪಠ್ಯಗಳಿಗೂ ಬರಬೇಕಾಗಿದೆ.

ಗದುಗಿನ ಅಂಗಳದಿಂದ

ಕನ್ನಡ ನಾಡಿಗೆ ಈ ಚಿತ್ರ ಹೊರಗಿನದೇನಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳೂ, ಅವರ ನಂತರ 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ಮುನ್ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಸಂಗೀತಗಾರರೆಂದೇ ಅವರನ್ನು ನೆನೆಯುವುದು ರೂಢಿ. ಆದರೆ ಅನಾಥ ಮತ್ತು ಅಂಧ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ, ಜೀವನೋಪಾಯದ ಕಲೆ ಇಷ್ಟನ್ನೂ ಒಂದೇ ಸೂರಿನಡಿ ಒದಗಿಸಿ, ಅದಕ್ಕೆ ಬೇಕಾದ ಹಣವನ್ನು ನಾಟಕ, ಸಂಗೀತ, ತುಲಾಭಾರಗಳಿಂದ ಕೂಡಿಸಿದ ಅವರ ಕೆಲಸವನ್ನು ಸಂಸ್ಥಾ ನಿರ್ವಹಣೆಯ ಪಾಠವಾಗಿ ಓದಿದವರು ಕಡಿಮೆ.

ಬೆಂಗಳೂರಿನಲ್ಲಿ 1990ರಲ್ಲಿ ಮಿತ್ರಜ್ಯೋತಿ ಸಂಸ್ಥೆಯನ್ನು ಕಟ್ಟಿದ ಮಧು ಸಿಂಘಲ್ ಹುಟ್ಟಿನಿಂದ ಅಂಧರು. ಧ್ವನಿಪುಸ್ತಕ ಭಂಡಾರ, ಬ್ರೈಲ್ ಮುದ್ರಣ, ಗಣಕ ತರಬೇತಿ, ಸ್ವತಂತ್ರ ಬದುಕಿನ ಕೌಶಲಗಳ ಕಲಿಕೆ ಆ ಸಂಸ್ಥೆಯ ಕೆಲಸಗಳು. ಅಂಧ ಗೆಳೆಯರಾದ ಜಿ.ಕೆ. ಮಹಾಂತೇಶ್ ಮತ್ತು ಎಸ್.ಪಿ. ನಾಗೇಶ್ 1997ರಲ್ಲಿ ಆರಂಭಿಸಿದ ಸಮರ್ಥನಂ ಟ್ರಸ್ಟ್ ದೃಷ್ಟಿ ವಿಕಲಚೇತನರ ಜೊತೆಗೆ ಇತರ ವೈಕಲ್ಯಗಳುಳ್ಳವರನ್ನೂ ಬಡ ಕುಟುಂಬಗಳ ಮಕ್ಕಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಅಂಧರು ಅಂಧರಿಗಷ್ಟೇ ಎಂಬ ಗೆರೆಯನ್ನು ಅದು ದಾಟಿತು.

> ಲೆಕ್ಕದಲ್ಲಿ
> 2011ರ ಜನಗಣತಿ ಪ್ರಕಾರ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಅವರಲ್ಲಿ ದೃಷ್ಟಿದೋಷವುಳ್ಳವರು ಸುಮಾರು 50 ಲಕ್ಷ. ಕಾನೂನಿನ ಪ್ರಕಾರ, ಕನ್ನಡಕದ ನೆರವಿನ ನಂತರವೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೆ, ಅಥವಾ ನೋಟದ ವಿಸ್ತಾರ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅದು ಅಂಧತ್ವ. ಹಾಗಾಗಿ ಅಂಧರೆಂದು ಪ್ರಮಾಣಪತ್ರ ಪಡೆದವರಲ್ಲಿ ಬೆಳಕಿನ ಅರಿವು ಇರುವವರೂ, ನಡುವಿನ ಕಿರುಕಿಂಡಿಯಷ್ಟೇ ಕಾಣುವವರೂ ಇರುತ್ತಾರೆ.

ಹೊಸ್ತಿಲು ದಾಟಿದ ಮೇಲೆ

ಮನೆಭೇಟಿಯೆಂದರೆ ಸೇವಾರ್ಥಿಯ ಮನೆಗೆ ಹೋಗಿ ಅಲ್ಲಿನ ಬದುಕನ್ನು ಅರಿಯುವುದು. ಅದರ ವರದಿಯಲ್ಲಿ ‘ಗಮನಿಸಿದ ಅಂಶಗಳು’ ಎಂಬ ಭಾಗ ಇದ್ದೇ ಇರುತ್ತದೆ. ಅಂಧ ಕಾರ್ಯಕರ್ತರ ಬಗೆಗಿನ ಸಂದೇಹವೆಲ್ಲ ಈ ಒಂದು ಭಾಗದ ಸುತ್ತ ಗಿರಕಿ ಹೊಡೆಯುವುದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬಸ್ಸು ಇಳಿಸುವುದು ಊರಿನ ಕ್ರಾಸಿನಲ್ಲಿ. ಅಲ್ಲಿಂದ ಮುಂದೆ ಚರಂಡಿಯ ಅಂಚು, ಬೀದಿಗೆ ಚಾಚಿದ ಮನೆಯ ಮೆಟ್ಟಿಲು, ಗೂಟಕ್ಕೆ ಕಟ್ಟಿದ ಎಮ್ಮೆ, ಅಡ್ಡ ನಿಲ್ಲಿಸಿದ ಬೈಕು, ಎಲ್ಲವನ್ನೂ ಕೋಲಿನ ತುದಿಯೇ ಮೊದಲು ಮುಟ್ಟಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ರೂಪಿಸಿದ ಉದ್ದಕೋಲಿನ ವಿಧಾನದಲ್ಲಿ ಬಲಗಾಲು ಮುಂದಿಡುವಾಗ ಕೋಲಿನ ತುದಿ ಎಡಕ್ಕೆ, ಎಡಗಾಲು ಇಡುವಾಗ ಬಲಕ್ಕೆ ತಾಗುತ್ತದೆ. ಮುಂದಿನ ಹೆಜ್ಜೆ ಬೀಳುವ ಜಾಗ ಹೀಗೆ ಒಂದು ಹೆಜ್ಜೆ ಮೊದಲೇ ತಪಾಸಣೆಯಾಗಿರುತ್ತದೆ. ಇದು ಅಭ್ಯಾಸದಿಂದ ಬರುವ ವಿದ್ಯೆ. ಅಂಧರಿಗೆ ದೇವರು ಇನ್ನೊಂದು ಇಂದ್ರಿಯ ಕೊಟ್ಟಿರುತ್ತಾನೆಂಬ ಮೆಚ್ಚುಗೆಯ ಮಾತು ಈ ಕಲಿಕೆಯ ಶ್ರಮವನ್ನು ಮರೆಮಾಡುತ್ತದೆ.

ಒಳಗೆ ಕಾಲಿಟ್ಟಾಗ ಮಾತಿನ ದನಿ ಗೋಡೆಗೆ ಬಡಿದು ಬರುವ ರೀತಿಯಿಂದ ಕೋಣೆ ಬರಿದಾಗಿದೆಯೇ, ಸಾಮಾನು ತುಂಬಿದೆಯೇ ಎಂಬುದು ತಿಳಿಯುತ್ತದೆ. ಹಸಿ ಗೋಡೆಯ ಮುಗ್ಗಲು, ಹೊಗೆಯಾಡುವ ಒಲೆ, ಸಾರಾಯಿಯ ವಾಸನೆ, ಹಾಸಿಗೆ ಹಿಡಿದವರ ಕೋಣೆಯ ಗಾಳಿ ತಂತಮ್ಮ ಸಂಗತಿಯನ್ನು ಹೇಳುತ್ತವೆ. ಮಗು ಇದೆಯೆಂದು ಗೊತ್ತಿರುವ ಮನೆಯಲ್ಲಿ ಮಗುವಿನ ಸದ್ದೇ ಇಲ್ಲದಿದ್ದರೆ, ಪ್ರಶ್ನೆ ಕೇಳಿದ್ದು ಸೊಸೆಯನ್ನಾದರೂ ಉತ್ತರ ಪ್ರತಿಸಲವೂ ಅತ್ತೆಯಿಂದ ಬರುತ್ತಿದ್ದರೆ, ‘ಏನೂ ಇಲ್ಲ ಬಿಡಿ ಸರ್’ ಎನ್ನುವ ಮೊದಲು ಉಸಿರು ಕ್ಷಣಕಾಲ ತಡೆದರೆ, ಅದೆಲ್ಲವೂ ವರದಿಗೆ ಸಲ್ಲುವ ಅಂಶವೇ. ಕಣ್ಣಿರುವ ಕಾರ್ಯಕರ್ತರೂ ಇವುಗಳನ್ನು ಕೇಳಬಲ್ಲರು. ಗೋಡೆಯ ಬಣ್ಣ, ಪಾತ್ರೆಗಳ ಸಾಲು ನೋಡುವ ಭರದಲ್ಲಿ ಅವರು ಕೇಳದೆ ಹೋಗುವುದೂ ಉಂಟು.

ಹಾಗೆಂದು ಕೊರತೆಯನ್ನು ಮುಚ್ಚಿಡುವುದು ಸರಿಯಲ್ಲ. ಮಗುವಿನ ಬೆನ್ನ ಮೇಲಿನ ಬಾಸುಂಡೆ, ಔಷಧಿಯ ಬಾಟಲಿಯ ಅವಧಿ ಮುಗಿದ ದಿನಾಂಕ, ಮೌನವಾಗಿ ಹರಿಯುವ ಕಣ್ಣೀರು, ಬಾಗಿಲ ಸಂದಿಯಿಂದ ಇಣುಕುವ ಮೂರನೆಯ ವ್ಯಕ್ತಿ ಕಿವಿಗೆ ದಕ್ಕುವುದಿಲ್ಲ. ಅಂಥ ಕಡೆ ಏನು ನೋಡಬೇಕೆಂದು ಮೊದಲೇ ಪಟ್ಟಿ ಮಾಡಿಕೊಂಡು ಕಣ್ಣಿರುವ ಸಹಾಯಕರನ್ನು ಕರೆದೊಯ್ಯುವುದು, ಬಾಟಲಿಯ ಚೀಟಿಯನ್ನು ಮೊಬೈಲಿನ ಕ್ಯಾಮೆರಾದಿಂದ ಓದಿಸುವುದು, ದೈಹಿಕ ಹಿಂಸೆಯ ಅನುಮಾನ ಬಂದರೆ ತಡಮಾಡದೆ ವೈದ್ಯಕೀಯ ತಪಾಸಣೆಗೆ ಕಳಿಸುವುದು ರೂಢಿಯಲ್ಲಿರುವ ದಾರಿಗಳು. ಗಾಯದ ಬಗ್ಗೆ ಕಡೆಗೆ ನ್ಯಾಯಾಲಯ ಕೇಳುವುದೂ ವೈದ್ಯರ ವರದಿಯನ್ನೇ. ಸಹಾಯಕರು ತಾವು ಕಂಡದ್ದನ್ನು ಹೇಳುತ್ತಾರೆ. ಅದರ ಅರ್ಥವೇನು, ಮುಂದೇನು ಮಾಡಬೇಕು ಎಂಬ ತೀರ್ಮಾನ ಕಾರ್ಯಕರ್ತರದು.

ಸಂಭಾಷಣೆಯಲ್ಲೂ ಕೆಲವು ಪದ್ಧತಿಗಳು ಬೆಳೆದಿವೆ. ತಲೆಯಾಡಿಸಿದರೆ ತಿಳಿಯದು, ದಯವಿಟ್ಟು ಬಾಯಿಬಿಟ್ಟು ಹೇಳಿ ಎಂದು ಮೊದಲೇ ತಿಳಿಸುವುದು, ಗುಂಪುಚರ್ಚೆಯಲ್ಲಿ ಪ್ರತಿಯೊಬ್ಬರೂ ಹೆಸರು ಹೇಳಿ ಮಾತು ಶುರುಮಾಡುವಂತೆ ಕೇಳುವುದು ಅಂಥವು. ಬಾಯಿಬಿಟ್ಟು ಹೇಳಲೇಬೇಕಾದಾಗ ಸೇವಾರ್ಥಿ ತನ್ನ ಒಪ್ಪಿಗೆಯನ್ನು ಅಥವಾ ನಿರಾಕರಣೆಯನ್ನು ಸ್ಪಷ್ಟ ಮಾತಾಗಿಸುವುದು ಸಮಾಲೋಚನೆಗೇ ಲಾಭ.

ಊರಿನವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸಿ ಸಮಸ್ಯೆ ಚರ್ಚಿಸುವ ಸಹಭಾಗಿತ್ವದ ಗ್ರಾಮೀಣ ಸಮೀಕ್ಷೆಯನ್ನು 1990ರ ಹೊತ್ತಿಗೆ ಮೈರಾಡಾದಂಥ ಸ್ವಯಂಸೇವಾ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಸಿದವು. ರಂಗೋಲಿ ಪುಡಿಯ ಆ ನಕ್ಷೆ ಅಂಧ ಕಾರ್ಯಕರ್ತರಿಗೆ ಸಿಗದು, ಮುಟ್ಟಿದರೆ ಅಳಿಸಿಯೂ ಹೋಗುತ್ತದೆ. ಅದೇ ನಕ್ಷೆಯನ್ನು ಕಡ್ಡಿ, ಕಲ್ಲು, ಹುಣಸೆಬೀಜ, ಜೋಳದ ಕಾಳುಗಳಿಂದ ಹಾಕಿದರೆ, ಕೇರಿ ಎಲ್ಲಿ ಮುಗಿಯುತ್ತದೆ, ಕೊಳವೆಬಾವಿ ಯಾರ ಮನೆಯ ಪಕ್ಕದಲ್ಲಿದೆ ಎಂಬುದನ್ನು ಬೆರಳುಗಳೇ ಓದುತ್ತವೆ. ಅಕ್ಷರ ಬಾರದ ಹಳ್ಳಿಗರಿಗೂ ಕಾಳಿನ ನಕ್ಷೆಯನ್ನು ಸರಿಸಿ ತಿದ್ದುವುದು ಸುಲಭ.

ಕಡತವೆಂಬ ಗೋಡೆ

ಮನೆಭೇಟಿಗಿಂತ ದೊಡ್ಡ ತೊಡಕು ಕಚೇರಿಯಲ್ಲಿದೆ. ಪರದೆಯ ಮೇಲಿನ ಬರಹವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶ ಇಂದು ದುಬಾರಿಯಲ್ಲ. ಆಸ್ಟ್ರೇಲಿಯಾದ ಅಂಧ ತಂತ್ರಜ್ಞ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಇದೇ ಕೆಲಸಕ್ಕೆ ಟಾಕ್‌ಬ್ಯಾಕ್ ಇದೆ. ಆದರೆ ಅವು ಓದುವುದು ಯುನಿಕೋಡ್ ಬರಹವನ್ನು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತ ನಿಗದಿಯಾಗಿರುವ ಬರಹವನ್ನು ಮಾತ್ರ.

ಕರ್ನಾಟಕದ ಕಚೇರಿಗಳಲ್ಲಿ ವರ್ಷಗಟ್ಟಲೆ ಬಳಕೆಯಲ್ಲಿದ್ದ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಯಂತ್ರದೊಳಗೆ ಕುಳಿತಿರುವುದು ರೋಮನ್ ಲಿಪಿಯ ಗುರುತುಗಳು. ಹಳೆಯ ನುಡಿಯಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಶಬ್ದವನ್ನು ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಅದು ‘ಪಿ’ ಎಂದು ತೊಡಗಿ, ತಲೆಯ ಮೇಲೆ ಗೆರೆಯಿರುವ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ‘ಕ್ಯೂ’ ಎಂದು ಏನೇನೋ ಉಸುರುತ್ತದೆ. ಒಂದು ಪುಟದ ಸುತ್ತೋಲೆ ಹೀಗೆ ನಿಮಿಷಗಟ್ಟಲೆ ಅರ್ಥವಿಲ್ಲದ ಸದ್ದಾಗಿ ಕಿವಿಗೆ ಸುರಿಯುತ್ತದೆ.

ಸಹಿ, ಮೊಹರು ಹಾಕಿದ ಆದೇಶವನ್ನು ಸ್ಕ್ಯಾನ್ ಮಾಡಿ ಕಳಿಸಿದ ಪಿಡಿಎಫ್ ಇನ್ನೂ ಕಷ್ಟದ್ದು; ಅದು ಚಿತ್ರವಾಗಿರುವುದರಿಂದ ತಂತ್ರಾಂಶ ಮೌನವಾಗುತ್ತದೆ. ಪರಿವರ್ತಕಗಳಿವೆ, ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳೂ ಸುಧಾರಿಸುತ್ತಿವೆ. ಆದರೆ ಒತ್ತಕ್ಷರ ತಪ್ಪಿ ಮಾಸಾಶನದ ಮೊತ್ತವೋ ಸೇವಾರ್ಥಿಯ ಹೆಸರೋ ಬದಲಾದರೆ ಅದರ ಪೆಟ್ಟು ಬೀಳುವುದು ಆ ಬಡ ಕುಟುಂಬದ ಮೇಲೆ. ಮೂಲ ಕಡತವನ್ನು ಯುನಿಕೋಡಿನಲ್ಲಿಯೇ ಬೆರಳಚ್ಚಿಸಿ, ಸ್ಕ್ಯಾನಿನ ಜೊತೆಗೆ ಅದನ್ನೂ ಕಳಿಸುವುದಕ್ಕೆ ಕಚೇರಿಗೆ ಹೆಚ್ಚಿನ ವೆಚ್ಚವಿಲ್ಲ. ಇಷ್ಟು ಸಣ್ಣ ಕೆಲಸ ಆಗದಿರುವುದರಿಂದ ಅರ್ಹ ಪದವೀಧರರು ದಿನವಿಡೀ ಯಾರಾದರೂ ಓದಿ ಹೇಳಲೆಂದು ಕಾಯಬೇಕಾಗಿರುವುದು ಅನ್ಯಾಯ.

ಇದರ ಹಿಂದೆ ಗುಟ್ಟಿನ ಪ್ರಶ್ನೆಯೂ ಇದೆ. ಗಂಡನ ಹಿಂಸೆ, ಎಚ್‌ಐವಿ ಸೋಂಕು, ಆತ್ಮಹತ್ಯೆಯ ಯತ್ನ ಇಂಥ ವಿವರಗಳಿರುವ ಕಡತವನ್ನು ಅಂಧ ಕಾರ್ಯಕರ್ತರು ಪಕ್ಕದ ಮೇಜಿನವರಿಂದ ಓದಿಸಿಕೊಳ್ಳಬೇಕಾದರೆ ಸೇವಾರ್ಥಿಗೆ ಕೊಟ್ಟ ಮಾತು ಮುರಿಯುತ್ತದೆ. ಯಂತ್ರವೇ ಓದಿದರೆ, ಅದೂ ಇಯರ್‌ಫೋನಿನಲ್ಲಿ ಓದಿದರೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ಓದಬಲ್ಲ ಕಡತವೆಂಬುದು ಆದ್ದರಿಂದ ನೌಕರರಿಗೆ ತೋರುವ ರಿಯಾಯಿತಿಯಷ್ಟೇ ಅಲ್ಲ, ಸೇವಾರ್ಥಿಗೆ ಸಲ್ಲಬೇಕಾದ ರಕ್ಷಣೆಯೂ ಹೌದು.

> ಕಾನೂನು ಏನು ಹೇಳುತ್ತದೆ?
> ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲು. ಅದರಲ್ಲಿ ಶೇ 1 ಅಂಧರು ಮತ್ತು ಮಂದದೃಷ್ಟಿಯವರಿಗೆ. ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇ 5. ‘ಸಮಂಜಸ ಹೊಂದಾಣಿಕೆ’, ಅಂದರೆ ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ ಕೆಲಸದ ರೀತಿ ಮತ್ತು ಉಪಕರಣಗಳಲ್ಲಿ ಮಾಡುವ ಅಗತ್ಯ ಬದಲಾವಣೆ, ಉದ್ಯೋಗದಾತರ ಕರ್ತವ್ಯ. ಅದನ್ನು ನಿರಾಕರಿಸುವುದು ತಾರತಮ್ಯ.

ತರಬೇತಿಯ ಹೊಸ್ತಿಲಲ್ಲಿ

ಎಂ.ಎಸ್.ಡಬ್ಲ್ಯು. ಪದವಿಯ ಜೀವಾಳವಾದ ಕ್ಷೇತ್ರಕಾರ್ಯದಲ್ಲಿ ವಿದ್ಯಾರ್ಥಿ ವಾರದಲ್ಲಿ ಕೆಲವು ದಿನ ಆಸ್ಪತ್ರೆ, ಕಾರ್ಖಾನೆ, ಬಾಲಮಂದಿರ ಅಥವಾ ಸ್ವಯಂಸೇವಾ ಸಂಸ್ಥೆಯಲ್ಲಿ ಮೇಲ್ವಿಚಾರಣೆಯಡಿ ದುಡಿಯಬೇಕು. ಅಂಧ ವಿದ್ಯಾರ್ಥಿಗಳನ್ನು ಪ್ರತಿ ಸೆಮಿಸ್ಟರಿನಲ್ಲೂ ಅಂಧರ ಶಾಲೆಗೋ ವಿಕಲಚೇತನರ ಸಂಸ್ಥೆಗೋ ಕಳಿಸಿಬಿಡುವುದು ಸುಲಭದ ದಾರಿ. ಸದುದ್ದೇಶದಿಂದಲೇ ಹುಟ್ಟುವ ಈ ವ್ಯವಸ್ಥೆ ಅವರ ಮುಂದಿನ ಉದ್ಯೋಗವನ್ನೂ ಅಲ್ಲಿಗೇ ಕಟ್ಟಿಹಾಕುತ್ತದೆ. ಕಾರ್ಮಿಕ ಕಲ್ಯಾಣ, ಮನೋವೈದ್ಯಕೀಯ ಸಮಾಜಕಾರ್ಯ, ವ್ಯಸನಮುಕ್ತಿ, ವೃದ್ಧರ ಆರೈಕೆಗಳ ಅನುಭವವೇ ಇಲ್ಲದೆ ಅವರು ಪದವಿ ಮುಗಿಸಿ ಹೊರಬರುತ್ತಾರೆ.

ದೂರವಾಣಿ ಸಮಾಲೋಚನೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416 ಇಂಥ ಕಡೆಗಳಲ್ಲಿ ಎಲ್ಲರಿಗೂ ಕಿವಿಯೇ ಸಾಧನ, ಅಂಧರಿಗೆ ಅಲ್ಲಿ ಹಿನ್ನಡೆಯಿಲ್ಲ. ಅಷ್ಟೇ ಕಾರಣಕ್ಕೆ ಅವರನ್ನೆಲ್ಲ ಫೋನಿನ ಮುಂದೆ ಕೂರಿಸಿ ಕ್ಷೇತ್ರದ ಬಾಗಿಲು ಮುಚ್ಚುವುದು ಇನ್ನೊಂದು ಬಗೆಯ ಹೊರಗಿಡುವಿಕೆ.

ಅಂಧ ಸೇವಾರ್ಥಿಯ ಎದುರು ಅಂಧ ಕಾರ್ಯಕರ್ತರು ಕುಳಿತಾಗ ಉಂಟಾಗುವ ಭರವಸೆ ನಿಜವಾದದ್ದು. ಸಕ್ಕರೆ ಕಾಯಿಲೆಯಿಂದ ನಡುವಯಸ್ಸಿನಲ್ಲಿ ಕಣ್ಣು ಹೋದವರು, ಎದುರಿಗಿರುವವರು ಒಬ್ಬರೇ ಬಸ್ಸಿನಲ್ಲಿ ಬಂದರೆಂದು ತಿಳಿದಾಗ ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ: ಟೀ ಸೋಸುವುದು ಹೇಗೆ, ನೋಟು ಗುರುತಿಸುವುದು ಹೇಗೆ, ಮಗಳ ಮದುವೆಗೆ ಇದು ಅಡ್ಡಿಯಾದೀತೇ. ಆದರೆ ‘ನನಗೆ ಸಾಧ್ಯವಾದದ್ದು ನಿಮಗೇಕಾಗದು’ ಎಂಬ ಒತ್ತಾಯ ಅಲ್ಲಿ ನುಸುಳಬಾರದು. ತನ್ನ ಅನುಭವವನ್ನು ಸೇವಾರ್ಥಿಯ ಮೇಲೆ ಹೇರದ ಹದವನ್ನು ಕಲಿಸುವುದು ತರಬೇತಿಯೇ, ಮತ್ತು ಅಂಧರಿಗೆ ಪೂರ್ಣ ಪ್ರಮಾಣದ ವೃತ್ತಿಶಿಕ್ಷಣ ಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ನ್ಯಾಯಪೀಠದ ಮಾತು, ಇಲಾಖೆಯ ಹೊಣೆ

ದೃಷ್ಟಿ ವಿಕಲಚೇತನರನ್ನು ಅವರ ವೈಕಲ್ಯದ ಕಾರಣಕ್ಕಾಗಿ ನ್ಯಾಯಾಂಗ ಸೇವೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ತೀರ್ಪಿತ್ತು, ಅವರಿಗೆ ಅವಕಾಶ ನಿರಾಕರಿಸುತ್ತಿದ್ದ ಮಧ್ಯಪ್ರದೇಶದ ನಿಯಮವನ್ನು ರದ್ದುಪಡಿಸಿತು. ಪರೀಕ್ಷೆಯಲ್ಲಿ ಬರಹ ಸಹಾಯಕರನ್ನು ಪಡೆಯುವ ಹಕ್ಕನ್ನು ಸಮಂಜಸ ಹೊಂದಾಣಿಕೆಯ ಭಾಗವೆಂದು ಅದೇ ನ್ಯಾಯಾಲಯ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಎತ್ತಿಹಿಡಿದಿತ್ತು. ಸಾಕ್ಷಿಯ ಮಾತನ್ನು ತೂಗಿ ನೋಡುವ ನ್ಯಾಯಾಧೀಶರ ಕುರ್ಚಿ ಅಂಧರಿಗೆ ತೆರೆದಿರುವಾಗ, ಸೇವಾರ್ಥಿಯ ಮಾತನ್ನು ಆಲಿಸುವ ಸಮಾಜಕಾರ್ಯಕರ್ತರ ಹುದ್ದೆಗೆ ‘ಉತ್ತಮ ದೃಷ್ಟಿ ಅಗತ್ಯ’ ಎಂಬ ಷರತ್ತು ಹಾಕಲು ಯಾವ ನೇಮಕಾತಿ ಪ್ರಾಧಿಕಾರಕ್ಕೂ ಸಮರ್ಥನೆ ಉಳಿಯುವುದಿಲ್ಲ.

ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಗುಂಪೂ ಇದೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲೋ ಮಕ್ಕಳ ರಕ್ಷಣಾ ಘಟಕದಲ್ಲೋ ದುಡಿದು, ಗ್ಲಾಕೋಮಾ, ಅಕ್ಷಿಪಟಲದ ಕಾಯಿಲೆ ಅಥವಾ ಅಪಘಾತದಿಂದ ಸೇವೆಯ ನಡುವೆಯೇ ದೃಷ್ಟಿ ಕಳೆದುಕೊಳ್ಳುವ ಸಮಾಜಕಾರ್ಯಕರ್ತರು ಅವರು. ಅಂಥ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎನ್ನುತ್ತದೆ 2016ರ ಕಾಯ್ದೆಯ 20ನೇ ಸೆಕ್ಷನ್. ಹಳೆಯ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ವರ್ಗಾಯಿಸಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು.

ಸಂಬಳ ನಿಲ್ಲದಂತೆ ನೋಡಿಕೊಳ್ಳುವ ಈ ರಕ್ಷಣೆಯನ್ನೇ ನೆಪವಾಗಿಸಿಕೊಂಡು ಅವರನ್ನು ಕೆಲಸವಿಲ್ಲದ ಮೇಜಿಗೆ ಸರಿಸಿಬಿಟ್ಟರೆ, ನೂರಾರು ಕುಟುಂಬಗಳೊಂದಿಗೆ ವ್ಯವಹರಿಸಿ ಗಳಿಸಿದ ಅನುಭವವೂ ಅವರೊಂದಿಗೆ ಮೂಲೆ ಸೇರುತ್ತದೆ. ಸಂದರ್ಶನ ನಡೆಸುವ ಕಲೆ, ಇಲಾಖೆಗಳ ಒಳದಾರಿ, ಪೊಲೀಸ್ ಠಾಣೆಯಲ್ಲಿ ಯಾರೊಡನೆ ಹೇಗೆ ಮಾತನಾಡಬೇಕೆಂಬ ತಿಳಿವಳಿಕೆ ಅವರಲ್ಲಿ ಹಾಗೆಯೇ ಇರುತ್ತದೆ; ಹೊಸದಾಗಿ ಕಲಿಯಬೇಕಾದದ್ದು ಕೋಲಿನ ನಡಿಗೆ, ಸ್ಕ್ರೀನ್ ರೀಡರ್, ಇಷ್ಟವಿದ್ದರೆ ಬ್ರೈಲ್. ಅವುಗಳ ತರಬೇತಿಗೆ ವೇತನಸಹಿತ ರಜೆ ಕೊಟ್ಟು, ಮರಳಿ ಬಂದವರಿಗೆ ಓದಬಲ್ಲ ಕಡತಗಳನ್ನೂ ಅಗತ್ಯವಿದ್ದೆಡೆ ಕ್ಷೇತ್ರ ಸಹಾಯಕರನ್ನೂ ಒದಗಿಸಿ, ಮೊದಲಿದ್ದ ಹುದ್ದೆಯಲ್ಲಿಯೇ ಮುಂದುವರಿಸುವ ಸ್ಪಷ್ಟ ಆದೇಶವನ್ನು ಸಮಾಜಕಾರ್ಯಕರ್ತರನ್ನು ನೇಮಿಸಿಕೊಳ್ಳುವ ಪ್ರತಿ ಇಲಾಖೆಯೂ ಹೊರಡಿಸಬೇಕು.